ಸಂತೋಷ್ ಆಂಟಿಯ ಹಿಂದಿ

ದೆಹಲಿಗೆ ಬಂದ ಮೊದಲ ವರ್ಷವೇ, ನನಗೆ ಗೊತ್ತಿಲ್ಲದೆ, ಇನ್ನೊಬ್ಬರ ದನಿಯನ್ನು ನನ್ನದು ಮಾಡಿಕೊಂಡುಬಿಟ್ಟೆ. ಅದರಿಂದ ಏನೇನಾಯಿತೆಂದು ಊರಿನವರಿಗೆ ಹೇಳಿದರೆ ನಗುತ್ತಾರೆ. ನನಗೆ ಇನ್ನೂ ನಗು ಬಂದಿಲ್ಲ.

ದ್ವಾರಕಾದಲ್ಲಿ ಆಗ ಮೆಟ್ರೋ ಕಂಬಗಳು ಏಳುತ್ತಿದ್ದವು. ನಮ್ಮವರಿಗೆ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತಿಕೆ. ಮದುವೆಯಾದ ಬೇಸಿಗೆಯಲ್ಲೇ ದಾವಣಗೆರೆಯಿಂದ ನನ್ನನ್ನು ಕರೆತಂದು, "ಎದುರು ಮನೆ ಸಂತೋಷ್ ಹತ್ರ ಕೀಲಿ ಐತೆ, ಇಸ್ಕೊ" ಎಂದರು. ಯಾರೋ ಗಂಡಸು ಬರುತ್ತಾನೆಂದು ಸೆರಗು ಸರಿಮಾಡಿಕೊಂಡು ನಿಂತರೆ, ಬಾಗಿಲು ತೆರೆದದ್ದು ಸಲ್ವಾರ್ ತೊಟ್ಟ, ಅರವತ್ತು ದಾಟಿದ ಹೆಂಗಸು. ಇಲ್ಲಿ ಸಂತೋಷ್ ಹೆಣ್ಣಿನ ಹೆಸರೂ ಹೌದು.

ನಮ್ಮೂರಿನಲ್ಲಿ ಹಗಲೆಲ್ಲ ಬಾಗಿಲು ತೆರೆದೇ ಇರುತ್ತಿತ್ತು. ಇಲ್ಲಿ ಮರದ ಬಾಗಿಲಿನ ಮುಂದೆ ಇನ್ನೊಂದು, ಕಬ್ಬಿಣದ ಬಲೆ ಹೊದಿಸಿದ ಜಾಲಿ ಬಾಗಿಲು. ಒಳಗಿದ್ದವರಿಗೆ ಹೊರಗಿನವರು ಕಾಣುತ್ತಾರೆ, ಹೊರಗಿನವರಿಗೆ ಒಳಗೆ ಬರೀ ಕತ್ತಲು.

ನನಗೆ ಬರುತ್ತಿದ್ದದ್ದು ಪರೀಕ್ಷೆಗೆ ಓದಿದ ಹಿಂದಿ. ನಾನು ಬಾಯಿ ತೆರೆದರೆ ತರಕಾರಿ ಭಯ್ಯಾ ನಗುತ್ತಿದ್ದ, ಬೆಲೆ ಮಾತ್ರ ಇಳಿಸುತ್ತಿರಲಿಲ್ಲ. ಸಂತೋಷ್ ಆಂಟಿ ಪಕ್ಕದಲ್ಲಿ ನಿಂತು ಕಲಿಸಿದರು. ಅಂಬಾಲಾ ಕಡೆಯ ಪಂಜಾಬಿ ಹೆಂಗಸು, ಮಾತಿಗೆ ಮೊದಲು "ಲೋ ಜೀ, ಕರ್ ಲೋ ಬಾತ್!" ಎನ್ನುತ್ತಿದ್ದರು. ಕೇಳಿದ್ರಾ ಇವರ ಮಾತನ್ನ, ಎಂಬ ಅರ್ಥ. ನಾನು ಪದಗಳನ್ನಷ್ಟೇ ಕಲಿಯಲಿಲ್ಲ. ಅವರು ಎಲ್ಲಿ ಉಸಿರೆಳೆಯುತ್ತಾರೆ, ಎಲ್ಲಿ ಲೊಚಗುಟ್ಟುತ್ತಾರೆ, 'ಜೀ'ಯನ್ನು ಎಷ್ಟು ಉದ್ದ ಎಳೆಯುತ್ತಾರೆ, ಎಲ್ಲವೂ ಹಾಡಿನ ಹಾಗೆ ನಾಲಿಗೆಗೆ ಬಂದವು. ಅದೇ ಧಾಟಿಯಲ್ಲಿ ಗದರಿ ಒಂದು ಕಟ್ಟು ಕೊತ್ತಂಬರಿ ಬಿಟ್ಟಿ ಗಿಟ್ಟಿಸಿಕೊಂಡ ದಿನ ಆಂಟಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಯೇ ತೋ ಮೇರೀ ಬೇಟೀ ಹೈ" ಎಂದು, ನನ್ನ ಮಗಳಿವಳು ಎಂದು, ಇಡೀ ಸೊಸೈಟಿಗೆ ಸಾರಿದರು.

ಅವರ ಯಜಮಾನರನ್ನು ಎಲ್ಲರೂ ಬಾವೂಜಿ ಎನ್ನುತ್ತಿದ್ದರು. ನಿವೃತ್ತರಾದ ಮೇಲೆ ಎರಡೂ ಕಣ್ಣು ಹೋಗಿದ್ದವು. ಮಂಜು ಕವಿದ ಒಂದು ಮಧ್ಯಾಹ್ನ ನಾನು ಕಾರಿಡಾರಿನಲ್ಲಿ ಇಸ್ತ್ರಿಯವನನ್ನು ಗದರುತ್ತಿದ್ದೆ. ಆಂಟಿ ಹಾಲು ಹಿಡಿದು ಮೆಟ್ಟಿಲು ಹತ್ತಿ ಬಂದರು. ಅಷ್ಟರಲ್ಲಿ ಒಳಗಿನಿಂದ ಬಾವೂಜಿಯ ದನಿ:

"ಸಂತೋಷ್, ಆ ಗಯೀ ತೂ? ಪಾನೀ ದೇ."

ಬಂದ್ಯಾ, ನೀರು ಕೊಡು, ಎಂದು. ನನ್ನ ದನಿಯನ್ನು ಆಂಟಿಯದೆಂದುಕೊಂಡಿದ್ದರು. ನಾನು ನಕ್ಕೆ. ಆಂಟಿ ನಗಲಿಲ್ಲ. ತಮ್ಮ ಒಡವೆಯನ್ನು ಬೇರೆಯವಳ ಕೊರಳಲ್ಲಿ ಕಂಡವರಂತೆ ನನ್ನ ಬಾಯನ್ನೇ ನೋಡಿದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಆಮೇಲೆ ಅವರು ನನ್ನೆದುರು ಮಾತು ಅಳೆಯತೊಡಗಿದರು. 'ಲೋ ಜೀ' ಬಾಯಿಗೆ ಬಂದರೂ ತುಟಿ ಬಿಗಿಹಿಡಿಯುತ್ತಿದ್ದರು. "ನಾನು ಹೋದ ಮೇಲೆ ಆ ಮದ್ರಾಸಿ ಹುಡುಗಿ ನನ್ನ ಕುರ್ಚಿಯಲ್ಲಿ ಕೂರುತ್ತಾಳೆ" ಎಂದು ಪಾರ್ಕಿನಲ್ಲಿ ಹೇಳಿದರೆಂದು ಯಾರೋ ಬಂದು ಹೇಳಿದರು. ನಾನು ಮಾತು ಬದಲಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ನನಗಿದ್ದದ್ದು ಅದೊಂದೇ ಹಿಂದಿ.

ಅಮ್ಮನೊಡನೆ ನಾನು ಫೋನಿನಲ್ಲಿ ಮಾತಾಡುವಾಗ ಎದುರು ಮನೆಯ ಜಾಲಿಯ ಹಿಂದೆ ಯಾರೋ ನಿಂತಂತೆ ಅನ್ನಿಸುತ್ತಿತ್ತು. ಒಂದು ಸಂಜೆ ಕರೆಂಟು ಹೋಗಿತ್ತು. ಮೋಂಬತ್ತಿ ತರಲು ಹೊರಟು ಬೀಗ ಹಾಕುತ್ತಿದ್ದೆ. ಹಿಂದಿನಿಂದ ಕನ್ನಡ ಕೇಳಿಸಿತು.

"ಹೂಂ ಅಮ್ಮಾ, ಎಲ್ಲಾ ಚೆನ್ನಾಗೈತಮ್ಮಾ. ಊಟ ಆತಾ?"

ಅದು ನನ್ನದೇ ದನಿ. ಅಳು ನುಂಗಿಕೊಂಡು ಅಮ್ಮನಿಗೆ ಸುಳ್ಳು ಹೇಳುವಾಗ ಕೊನೆಯಲ್ಲಿ ಸಣ್ಣಗೆ ನಡುಗುತ್ತದಲ್ಲ, ಆ ನಡುಕವೂ ಇತ್ತು. ಜಾಲಿಯ ಕತ್ತಲಿನಿಂದ ಆಂಟಿ ಕೇಳಿದರು:

"ಕೈಸಾ ಲಗಾ, ಬೇಟಾ?"

ಹೇಗನ್ನಿಸಿತು ಮಗಳೇ? ಮೈಮೇಲಿನ ಬಟ್ಟೆ ಸೆಳೆದಂತಾಗಿತ್ತು. ಅವರಿಗೆ ಅಷ್ಟು ದಿನ ಏನನ್ನಿಸಿತ್ತೆಂದು ಆಗ ಗೊತ್ತಾಯಿತು.

ಬೇಸಿಗೆ ಹೊತ್ತಿಗೆ ಆಂಟಿಗೆ ಲಕ್ವಾ ಹೊಡೆದು ಆಸ್ಪತ್ರೆ ಸೇರಿದರು. ಗುಡಗಾಂವಿನಿಂದ ಬಂದ ಮಗ ಪವನ್ ನಮ್ಮ ಬಾಗಿಲು ತಟ್ಟಿದ.

"ಭಾಭೀ, ಪಾಪಾ ಊಟ ಬಿಟ್ಟಿದ್ದಾರೆ, ಮಾತ್ರೆಯನ್ನೂ ಉಗಿಯುತ್ತಾರೆ. ಮಮ್ಮಿಯ ಹಾಗೆ ಒಂದು ಸಲ ಹೇಳಿ ನೋಡುತ್ತೀರಾ?" ಎಂದು ಹಿಂದಿಯಲ್ಲಿ ಕೇಳಿದ.

"ಬೇಡ, ಹೋಗ್ಬೇಡ" ಎಂದರು ನಮ್ಮವರು. ಹೋದೆ. ಆ ಮುದುಕರ ಕೆನ್ನೆ ಒಳಸೇರಿತ್ತು. ಮೆಲ್ಲಗೆ ಕರೆದೆ, ಮುಖ ತಿರುಗಿಸಿದರು. ಆಗ ಯೋಚಿಸುವ ಮೊದಲೇ ನನ್ನ ಬಾಯಿಂದ ಆಂಟಿಯೇ ಹೊರಟರು.

"ಲೋ ಜೀ, ಕರ್ ಲೋ ಬಾತ್! ಮುಹ್ ಖೋಲೋ."

ಅವರು ಬಾಯಿ ತೆರೆದರು. ರೊಟ್ಟಿ ಅಗಿಯುತ್ತ "ಕಬ್ ಆಯೀ?" ಎಂದರು. ಯಾವಾಗ ಬಂದೆ, ಎಂದು. ಇನ್ನೊಂದು ತುತ್ತು ಬಾಯಿಗಿಟ್ಟೆ. ಹಾಗೆಯೇ ದಿನವೂ ಉಣಿಸಿದೆ. ಆ ಮನೆಯಲ್ಲಿ ಕೂತಾಗ ನನ್ನ ದನಿ ನನಗೇ ಭಯ ಹುಟ್ಟಿಸುತ್ತಿತ್ತು. ನಾನು ಆಂಟಿಯ ಕುರ್ಚಿಯಲ್ಲೇ ಕೂತಿದ್ದೆ.

ಒಂದು ಮಧ್ಯಾಹ್ನ ತುತ್ತು ಕಲಸುತ್ತ "ಖಾ ಲೋ ಜೀ" ಎನ್ನುವಾಗ ತಿರುಗಿ ನೋಡಿದೆ. ಬಾಗಿಲಲ್ಲಿ ಪವನ್‌ನ ತೋಳು ಹಿಡಿದು ಆಂಟಿ ನಿಂತಿದ್ದರು. ಬಾಯಿ ಒಂದು ಬದಿಗೆ ವಾಲಿತ್ತು. ಮಾತು ಪೂರ್ತಿ ಹೋಗಿತ್ತು. ಕಾಲೆಳೆಯುತ್ತ ಬಂದು, ಸರಿಯಿದ್ದ ಕೈಯನ್ನು ನನ್ನ ಬಾಯಿಯ ಮೇಲಿಟ್ಟು ಒತ್ತಿಹಿಡಿದರು.

"ಸಂತೋಷ್? ಚುಪ್ ಕ್ಯೂಂ ಹೋ ಗಯೀ?" ಯಾಕೆ ಸುಮ್ಮನಾದೆ, ಎಂದರು ಬಾವೂಜಿ.

ಆಂಟಿ ನನ್ನನ್ನು ಬಿಟ್ಟು, ಅವರ ಕೈ ಎತ್ತಿ ತಮ್ಮ ವಾಲಿದ ಕೆನ್ನೆಯ ಮೇಲಿಟ್ಟುಕೊಂಡರು. ಆ ಬೆರಳುಗಳು ತುಟಿಯವರೆಗೆ ತಡವರಿಸಿ, ಅಲ್ಲೇ ನಿಂತವು. ಆಮೇಲೆ ಬಾವೂಜಿ ನಾನಿದ್ದ ಕಡೆ ಮುಖ ತಿರುಗಿಸಿದರು.

"ಅಬ್ ತೂ ಜಾ, ಬೇಟಾ."

ಇನ್ನು ನೀನು ಹೋಗು ಮಗಳೇ. ಅವರಿಗೆ ಮೊದಲಿನಿಂದಲೂ ಗೊತ್ತಿತ್ತೋ, ಆಗಷ್ಟೇ ಗೊತ್ತಾಯಿತೋ, ಹೇಳಲಾರೆ.

ಪವನ್ ಇಬ್ಬರನ್ನೂ ಗುಡಗಾಂವಿಗೆ ಕರೆದೊಯ್ದ. ಆಂಟಿಗೆ ಮಾತು ಮರಳಲೇ ಇಲ್ಲವಂತೆ. ಎರಡು ಚಳಿಗಾಲ ಕಳೆದು ಅವರು ತೀರಿಹೋದ ಸುದ್ದಿ ಬಂತು. ನಾನೀಗ ಕರೋಲ್ ಬಾಗಿನ ಅಂಗಡಿಗಳಲ್ಲಿ ಹೆದರದೆ ಚೌಕಾಸಿ ಮಾಡುತ್ತೇನೆ. "ನೀವು ಅಂಬಾಲಾದವರಾ?" ಎನ್ನುತ್ತಾರೆ. ಅಲ್ಲವೆಂದರೆ ನಂಬುವುದಿಲ್ಲ.

ಕಳೆದ ಸಲ ಊರಿಗೆ ಹೋದಾಗ ದಾವಣಗೆರೆ ಬಸ್ ನಿಲ್ದಾಣದಲ್ಲಿ ಕಂಡಕ್ಟರನನ್ನು ಕನ್ನಡದಲ್ಲೇ ಕೇಳಿದೆ, ಹರಿಹರದ ಬಸ್ಸು ಯಾವುದೆಂದು. ಅವನು ನನ್ನ ಮಾತಿನ ಧಾಟಿ ಕೇಳಿ, ಮರ್ಯಾದೆಯಿಂದ, ಹರಕುಮುರುಕು ಹಿಂದಿಯಲ್ಲಿ ದಾರಿ ತೋರಿಸಿದ. ನಾನು ಇಲ್ಲಿಯವಳೇ ಎನ್ನಬೇಕಿತ್ತು. ಯಾವ ದನಿ ಹೊರಬರುತ್ತದೋ ಎಂಬ ಅಂಜಿಕೆಗೆ ಬಾಯಿ ತೆರೆಯದೆ ಬಸ್ಸು ಹತ್ತಿದೆ.