ಕಂಪ್ಯೂಟರ್ ಕೋಣೆಯ ಕೈಗುಣ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಪೀಣ್ಯದ ಒಂದು ಗೇರ್ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದೆ. ಯೂನಿಕ್ಸ್ ಎಂಬ ವ್ಯವಸ್ಥೆ ಓಡುವ ದೊಡ್ಡ ಯಂತ್ರ ಗಾಜಿನ ಕೋಣೆಯೊಳಗಿತ್ತು. ಅದರೊಳಗೆ ನೇರವಾಗಿ ಟೈಪ್ ಮಾಡುವ ಟರ್ಮಿನಲ್ ಮ್ಯಾನೇಜರಿಗೂ ನನಗೂ ಮೀಸಲು. ಹೊಸದಾಗಿ ಸೇರಿದ್ದ ಸಹೋದ್ಯೋಗಿಗೆ ಹೊರಗೆ ಒಂದು ಪೀಸಿ ಕೊಟ್ಟಿದ್ದರು. ಆಕೆ ಅದರಲ್ಲಿ ಟೈಪ್ ಮಾಡಿ, ಫ್ಲಾಪಿ ಹಿಡಿದು, ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರು.

ಸ್ಟೋರ್ಸಿನ ದಾಸ್ತಾನು ಲೆಕ್ಕ ಹಾಕುವ ಆಜ್ಞೆಗಳನ್ನು ಸಾಲಾಗಿ ಬರೆದ ಫೈಲು, ಅಂದರೆ ಶೆಲ್ ಸ್ಕ್ರಿಪ್ಟು, ಆಕೆಯ ಮೊದಲ ಕೆಲಸ. ಓಡಿಸಿದರೆ ಪರದೆಯ ಮೇಲೆ ‘ಸಿಗಲಿಲ್ಲ’ ಎಂದು ಬಂತು. ಏನು ಸಿಗಲಿಲ್ಲ ಎಂದಿರಲಿಲ್ಲ. ನಾನು ಅದನ್ನೇ ನೋಡಿಕೊಂಡು ಟರ್ಮಿನಲ್‌ನಲ್ಲಿ ಟೈಪ್ ಮಾಡಿದೆ, ಓಡಿತು. ಆಕೆ ಹೊರಗೆ ಹೋಗಿ ಮತ್ತೆ ಟೈಪ್ ಮಾಡಿ ತಂದರು, ಓಡಲಿಲ್ಲ. ಎರಡನ್ನೂ ಅಕ್ಷರ ಅಕ್ಷರ ಓದಿದೆ. ವ್ಯತ್ಯಾಸ ಇರಲಿಲ್ಲ. ಮತ್ತೊಮ್ಮೆ ಓದಿದೆ.

ಮ್ಯಾನೇಜರಿಗೆ ಗಾಬರಿ ಆಗಲಿಲ್ಲ. ಅವರಿಗೆ ಕಾರಣ ಗೊತ್ತಿತ್ತು.

"ಕೈಗುಣ ಕಣ್ರೀ," ಎಂದರು ನನಗೆ. "ನಮ್ಮನೇಲಿ ಉಪ್ಪಿನಕಾಯಿ ನಮ್ಮ ಅತ್ತಿಗೆ ಹಾಕಿದ್ರೆ ಕೆಟ್ಟೋಗುತ್ತೆ. ಅದೇ ಉಪ್ಪು, ಅದೇ ಜಾಡಿ. ಈಯಮ್ಮನ ಪ್ರೊಬೇಷನ್ ಮುಗೀತಾ ಬಂತು. ಕಾಯಂ ಮಾಡೋದು ಕಷ್ಟ."

ಆಕೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಎಲ್ಲ ಕೇಳಿಸಿತ್ತು.

"ನಿಮ್ಮ ಕೈಗುಣ ಹೇಗೆ ಸಾರ್?"

"ಈ ಮಷಿನ್ನಿಗೆ ಕುಂಕುಮ ಇಟ್ಟು ಮೊದಲು ಸ್ವಿಚ್ ಹಾಕಿದ್ದೇ ನಾನಮ್ಮ. ಇದುವರೆಗೂ ಕೆಟ್ಟಿಲ್ಲ."

"ಹಾಗಾದ್ರೆ ನನ್ನ ಪೀಸೀಲಿ ನೀವೇ ಟೈಪ್ ಮಾಡ್ಬಿಡಿ ಸಾರ್."

ಅವರು ಎರಡೇ ಬೆರಳಲ್ಲಿ ಪೂರ್ತಿ ಟೈಪ್ ಮಾಡಿದರು. ಫ್ಲಾಪಿಯನ್ನೂ ತಾವೇ ತಂದು ಹಾಕಿದರು. ಓಡಲಿಲ್ಲ.



"ನಿಮ್ಮ ಅತ್ತಿಗೆಯವರು ಏನಾದ್ರೂ ಮುಟ್ಟಿದ್ರಾ ಸಾರ್?" ಎಂದು ಆಕೆ ವಿನಯದಿಂದಲೇ ಕೇಳಿದರು.

ತಪ್ಪು ಕೈಯದಲ್ಲ, ಪೀಸಿಯದು ಎಂದು ನನಗೆ ಆಗ ಹೊಳೆಯಿತು. ಫೈಲಿನಲ್ಲಿ ಇರುವುದನ್ನೆಲ್ಲ, ಕಾಣದ್ದನ್ನೂ ಸೇರಿಸಿ, ತೋರಿಸುವ ಆಜ್ಞೆ ಕೊಟ್ಟೆ. ಪ್ರತಿ ಸಾಲಿನ ಕೊನೆಯಲ್ಲೂ ಒಂದು ಹೆಚ್ಚಿನ ಚಿಹ್ನೆ ಕೂತಿತ್ತು. ಸಾಲಿನ ಮೊದಲಿಗೆ ಹಿಂತಿರುಗು ಎಂದು ಅದರ ಅರ್ಥ. ಎಂಟರ್ ಒತ್ತಿದಾಗಲೆಲ್ಲ ಪೀಸಿ ಅದನ್ನು ತಾನೇ ಸೇರಿಸುತ್ತಿತ್ತು. ಯೂನಿಕ್ಸ್ ಅದನ್ನೂ ಆಜ್ಞೆಯ ಹೆಸರಿನ ಭಾಗವೆಂದುಕೊಂಡು ಹುಡುಕುತ್ತಿತ್ತು. ‘ಸಿಗಲಿಲ್ಲ’ ಎಂದು ತೋರಿಸುವಾಗಲೂ ಆ ಚಿಹ್ನೆಯ ಮಾತು ಕೇಳಿ ಸಾಲಿನ ಮೊದಲಿಗೆ ಹೋಗಿ, ಹೆಸರಿನ ಮೇಲೆಯೇ ಬರೆದುಬಿಡುತ್ತಿತ್ತು. ಹೆಸರು ಕಾಣದಿದ್ದದ್ದು ಅದಕ್ಕೇ.

ಆ ಚಿಹ್ನೆಗಳನ್ನಷ್ಟೇ ತೆಗೆದು ಆಕೆಯ ಫೈಲನ್ನು ಓಡಿಸಿದೆ. ಓಡಿತು.

ಮ್ಯಾನೇಜರ್ ಪರದೆಯನ್ನು ಬಹಳ ಹೊತ್ತು ನೋಡಿದರು. "ಪೀಸಿ ಕೈಗುಣ," ಎಂದರು.

ಆ ವಾರವೇ ಆಕೆಯ ಕೆಲಸ ಕಾಯಂ ಆಯಿತು. ಆ ಆದೇಶವನ್ನು ಮಾತ್ರ ಮ್ಯಾನೇಜರ್ ಪೀಸಿಯಲ್ಲಿ ಟೈಪ್ ಮಾಡಿಸಲಿಲ್ಲ. ಆಕೆಯನ್ನು ಗಾಜಿನ ಕೋಣೆಗೆ ಕರೆದು, ಟರ್ಮಿನಲ್ ಮುಂದೆ ಕೂರಿಸಿ, ಆಕೆಯ ಕೈಯಲ್ಲೇ ಟೈಪ್ ಮಾಡಿಸಿದರು.