ಎರಡನೆಯ ಹನಿ

ಬೆಳಂಬಾರದ ಒಂದು ಮದುವೆಯಲ್ಲಿ ಫೋಟೋ ತೆಗೆಯುತ್ತಿದ್ದಾಗ ನನ್ನ ಕಣ್ಣು ಕೈಕೊಟ್ಟದ್ದು ಗೊತ್ತಾಯಿತು. ಮದುಮಗಳ ಮುಡಿಯ ಅಬ್ಬಲಿಗೆ ಹೂ ಕಾಣುತ್ತಿತ್ತು, ಸೀರೆಯ ಅಂಚು ಕಾಣುತ್ತಿತ್ತು. ಮುಖ ಇರಬೇಕಾದಲ್ಲಿ ಮಾತ್ರ ಒಂದು ಮಸುಕು. ಲೆನ್ಸ್ ಒರೆಸಿದೆ, ಕನ್ನಡಕ ಒರೆಸಿದೆ, ಮಸುಕು ಹೋಗಲಿಲ್ಲ. ಕಣ್ಣಿನ ಪರದೆಯ ನಡುಭಾಗ ಸವೆಯುತ್ತಿದೆ, ಸವೆದದ್ದು ತಿರುಗಿ ಬರುವುದಿಲ್ಲ ಎಂದರು ಡಾಕ್ಟರು. ಮದುವೆಯ ಕೆಲಸ ಬಿಟ್ಟೆ.

ಹಬ್ಬುವಾಡದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನೀರಿನ ಹನಿಗಳ ಚಿತ್ರ ತೆಗೆಯಲು ಕೂತದ್ದು ಆಮೇಲೆ. ತಟ್ಟೆಯ ನೀರಿಗೆ ಒಂದು ಹನಿ ಬಿದ್ದರೆ ಅಲ್ಲಿಂದ ನೀರು ಸಣ್ಣ ಕಂಬದ ಹಾಗೆ ಮೇಲೇಳುತ್ತದೆ. ಅದರ ತುದಿಗೆ ಎರಡನೆಯ ಹನಿ ಬಡಿದರೆ ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ. ಅದು ಯಾರ ಬರಿಗಣ್ಣಿಗೂ ಕಾಣುವಂಥದ್ದಲ್ಲ. ಹನಿ ಬಿಡುವುದು, ಸರಿಯಾದ ಕ್ಷಣಕ್ಕೆ ಫ್ಲ್ಯಾಶ್ ಹೊಡೆಸುವುದು ಎಲ್ಲ ಟ್ರಿಗರ್ ಎಂಬ ಪುಟ್ಟ ಯಂತ್ರದ ಕೆಲಸ. ನನ್ನಂಥವನಿಗೂ ಇದು ಆದೀತು ಎಂದುಕೊಂಡೆ.

ಫೋಕಸ್ ಮಾತ್ರ ನಾನೇ ಮಾಡಬೇಕಿತ್ತು. ಹನಿ ಬೀಳುವ ಜಾಗದಲ್ಲಿ ಹೆಂಡತಿ ಗುರುತಿಗೆಂದು ಮೊಳೆಯೊಂದನ್ನು ಹಿಡಿಯುತ್ತಿದ್ದಳು, ನಾನು ಓರೆಗಣ್ಣಿನಲ್ಲಿ ನೋಡುತ್ತ ಅಂದಾಜಿನ ಮೇಲೆ ಲೆನ್ಸ್ ತಿರುಗಿಸುತ್ತಿದ್ದೆ. ಆ ಕೆಲಸ ಅವಳ ಕೈಗೆ ಕೊಡಲಿಲ್ಲ. ಅದೊಂದಾದರೂ ನನ್ನದಾಗಿರಲಿ ಎಂಬ ಹಟ. ಮಧ್ಯಾಹ್ನ ಊಟವಾದ ಮೇಲೆ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ಸೆಖೆಯಲ್ಲಿ ಬೆವರುತ್ತ ಕೂರುತ್ತಿದ್ದೆವು.

"ಹ್ಯಾಂಗೆ ಬಂತು?" ಎಂದು ನಾನು ಕೇಳುತ್ತಿದ್ದೆ. ಅವಳು ಕ್ಯಾಮೆರಾದಲ್ಲಿ ನೋಡಿ ಹೇಳುತ್ತಿದ್ದಳು.

"ಚಲೋ ಬಂತು. ಕೊಡೆ ಪೂರಾ ಬಿಚ್ಕಂಡದೆ. ಅಂಚಿಗೆ ಮಣಿ ಪೋಣಿಸ್ದಾಂಗೆ ಕಾಣ್ತದೆ."

ಮಳೆಗಾಲವಿಡೀ ಆ ಮಾತುಗಳ ಮೇಲೆಯೇ ಬದುಕಿದೆ.

ವರ್ಷಗಟ್ಟಲೆ ನನ್ನ ಜೊತೆ ಮದುವೆಗಳಲ್ಲಿ ಕೆಲಸ ಮಾಡಿದ ಅಂಕೋಲೆಯ ಗೆಳೆಯ ಒಂದು ದಿನ ಬಂದ. ಉತ್ಸಾಹದಿಂದ ಚಿತ್ರಗಳನ್ನೆಲ್ಲ ತೋರಿಸಿದೆ. ಅವನು ಒಂದೊಂದನ್ನೂ ದೊಡ್ಡದು ಮಾಡಿ ನೋಡಿದ.

"ಅಣ್ಣಾ, ಬೇಜಾರ ಮಾಡ್ಕಬೇಡಿ. ಇದ್ರಲ್ಲಿ ಒಂದೂ ಫೋಕಸ್ ಇಲ್ಲ."

"ಕೊಡೆ ಕಾಣೂದಿಲ್ವಾ?"

"ಎಂತದೋ ಬೆಳ್ಳಗೆ ಕಾಣ್ತದೆ. ಅಷ್ಟೇಯ."

ಚಹಾ ತಂದ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಅವನು ಹೋದ ಮೇಲೆ ಕೇಳಿದೆ, "ಎಲ್ಲಾ ಸುಳ್ಳೇ ಹೇಳಿದ್ಯಾ?"

"ಮತ್ತೆಂತ ಹೇಳ್ಬೇಕಿತ್ತು? ಕೆಲ್ಸ ಬಿಟ್ಮೇಲೆ ನೀವು ಮಾತೇ ಬಿಟ್ಟಿದ್ರಿ. ಈ ಕೋಣ್ಯಾಗೆ ಕೂತಾಗ ಮಾತ್ರ ಬಾಯಿ ಬಿಡ್ತಿದ್ರಿ."

ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಅವಳು ಬಣ್ಣಿಸಿದ ಒಂದೊಂದು ಚಿತ್ರವೂ ನನ್ನ ತಲೆಯೊಳಗಿತ್ತು, ಜಗತ್ತಿನಲ್ಲಿ ಇರಲಿಲ್ಲ.

ಕ್ಯಾಮೆರಾ, ಟ್ರಿಗರ್ ಎಲ್ಲವನ್ನೂ ಗೆಳೆಯನಿಗೆ ಕೊಟ್ಟುಬಿಟ್ಟೆ. "ನಮ್ಮನಿಗೆ ಬನ್ನಿ, ಫೋಕಸ್ ನಾ ಮಾಡಿ ಕೊಡ್ತೆ" ಎಂದ. ನಾನು ಹೋಗಲಿಲ್ಲ.

ಮನೆಯಲ್ಲೇ ಕೂತಿರಬೇಡಿ ಎಂದು ಒಂದು ಸಂಜೆ ಅವಳು ದೇವಬಾಗದ ದಂಡೆಗೆ ಕರೆದೊಯ್ದಳು. ದೋಣಿಗಳು ಬರುತ್ತಿವೆ, ಮುಂದಿನದಕ್ಕೆ ನೀಲಿ ಬಣ್ಣ ಬಳಿದಿದ್ದಾರೆ ಎಂದು ಹೇಳತೊಡಗಿದಳು. "ಸಾಕು" ಎಂದೆ. ಅವಳು ನಿಲ್ಲಿಸಿದಳು. ಅತ್ತಳೋ, ಸುಮ್ಮನೆ ಸಮುದ್ರ ನೋಡುತ್ತ ಕೂತಳೋ, ಮುಖ ಕಾಣದ ನನಗೆ ತಿಳಿಯಲಿಲ್ಲ. ನಾನೂ ಕೇಳಲಿಲ್ಲ. ಆಮೇಲೆ ನಾವು ಅಲ್ಲಿಗೆ ಹೋಗಿಲ್ಲ.