ಟೀಚರಮ್ಮನ ಭಾನುವಾರ

“ಟಿ.ವಿ. ಸೀರಿಯಲ್ ನೋಡಿ ತಲೆ ಕೆಡಿಸಿಕೊಂಡು, ಮಕ್ಕಳಿಗೆ ನಮ್ಮ ಪುರಾಣವನ್ನೇ ಕಲಸುಮೇಲೋಗರ ಮಾಡಿ ಹೇಳಿಕೊಟ್ಟಳು.” ಭಾನುವಾರದ ಕನ್ನಡ ಶಾಲೆಯ ಟೀಚರಮ್ಮ ಕಳೆದ ಚಳಿಗಾಲದಲ್ಲಿ ತೀರಿಕೊಂಡಾಗಲೂ ಅಮೆರಿಕದ ಈ ರಾಲಿ ಊರಿನ ನಮ್ಮವರು ಇದನ್ನೇ ಹೇಳಿದರು. ನಾನು ಒಪ್ಪುವುದಿಲ್ಲ.

ಹತ್ತಿ ಸೀರೆಯ ಮೇಲೆ ಗಂಡನ ದಪ್ಪ ಜಾಕೆಟ್ಟು, ಎರಡು ಮಡಿಕೆ ಹಾಕಿದ ತೋಳಿನಿಂದ ಇಣುಕುವ ಬೆರಳತುದಿಗಳು: ತೊಂಬತ್ತರ ದಶಕದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಮೇಲ್ಮಹಡಿಯಲ್ಲಿದ್ದ ಆಕೆ ನನಗೆ ಹೀಗೇ ನೆನಪಾಗುತ್ತಾಳೆ. ಮೈಸೂರಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು ಇಲ್ಲಿ ಗಂಡನ ವೀಸಾದ ಮೇಲೆ ಕೆಲಸ ಮಾಡುವ ಹಾಗಿರಲಿಲ್ಲ. ಕಾರು ರಜೆಯ ದಿನವೂ ಗಂಡನೊಡನೆ ಅವನ ಆಫೀಸಿದ್ದ ರಿಸರ್ಚ್ ಟ್ರಯಾಂಗಲ್ ಪಾರ್ಕಿಗೆ ಹೋಗುತ್ತಿತ್ತು. ಕಾಲ್ನಡಿಗೆಗೆ ರಸ್ತೆಯಲ್ಲಿ ಜಾಗವೇ ಇರಲಿಲ್ಲ. ಮಗಳ ಮನೆಯಲ್ಲಿದ್ದ ನನ್ನದೂ ಅದೇ ಸೆರೆ. ಮಧ್ಯಾಹ್ನ ನಮ್ಮ ಟಿ.ವಿ.ಯಲ್ಲಿ ಜರ್ಮನ್ ದಂತಕಥೆಯೊಂದರ ಸೀರಿಯಲ್ ನೋಡುತ್ತಿದ್ದೆವು. ಘಟಸರ್ಪವನ್ನು ಕೊಂದು ಅದರ ರಕ್ತದಲ್ಲಿ ಮಿಂದ ವೀರನ ಮೈ ವಜ್ರವಾಗುತ್ತದೆ, ಬೆನ್ನಿಗೆ ಎಲೆ ಅಂಟಿದ್ದ ಜಾಗವೊಂದನ್ನು ಬಿಟ್ಟು. ಪರದೆಯ ಕೆಳಗೆ ಓಡುವ ಅಕ್ಷರಗಳ ಮೇಲೆ ಬೆರಳಿಟ್ಟು ಆಕೆ ನನಗೆ ಇಂಗ್ಲಿಷ್ ಓದುವುದನ್ನು ಕಲಿಸಿದಳು. ಇಂದು ನಾನು ಯಾವ ಕಾಗದವನ್ನಾದರೂ ಸ್ವತಃ ಓದಿ ಪರೀಕ್ಷಿಸಬಲ್ಲೆನಾದರೆ ಅದು ಆಕೆಯ ಋಣ.

“ನಮ್ಮಲ್ಲೂ ಒಬ್ಬ ರಾಜ ಇದಾನಲ್ಲ ಅಂಕಲ್. ತಾಯಿ ಕಣ್ಬಿಟ್ಟು ನೋಡಿದ್ದಕ್ಕೆ ಮೈಯೆಲ್ಲ ಗಟ್ಟಿ, ಎಲೆ ಸುತ್ಕೊಂಡಿದ್ದ ತೊಡೆ ಮಾತ್ರ ಹಾಗೇ ಉಳೀತು.”

“ಅದು ಮೂಲದಲ್ಲಿಲ್ಲಮ್ಮ. ಆಮೇಲೆ ಯಾರೋ ಸೇರಿಸಿದ್ದು.”

“ನೀವು ಬಿಡಿ, ಸೂರ್ಯ ಹುಟ್ಟಿದ್ರೂ ಸಾಕ್ಷಿ ಕೇಳೋರು.”

ಭಾನುವಾರ ಮಾತ್ರ ಯಾರಾದರೊಬ್ಬ ಪೋಷಕರು ಬಂದು ಆಕೆಯನ್ನು ಶಾಲೆಗೆ ಕರೆದೊಯ್ಯುತ್ತಿದ್ದರು. ಆಕೆ ಹೊರಗೆ ಕಾಲಿಡುತ್ತಿದ್ದುದು ಅದೊಂದೇ ದಿನ.

ಯುಗಾದಿಯ ಕಥಾಸ್ಪರ್ಧೆಯಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ಟೀಚರಮ್ಮನಿಂದ ಶಾಲೆಯಲ್ಲಿ ಕೇಳಿದ್ದ ಎರಡೂ ಕಥೆಗಳನ್ನು ಹೆಣೆದುಬಿಟ್ಟಳು: “ರಾಜಾ ಡ್ರ್ಯಾಗನ್ ಬ್ಲಡ್‌ನಲ್ಲಿ ಸ್ನಾನ ಮಾಡ್ದ. ಅಮ್ಮ ನೋಡಿದ್ಲು, ಬಟ್ ತೊಡೆ ಮೇಲೆ ಲೀಫ್ ಇತ್ತು.” ಸಭೆ ನಕ್ಕಿತು. ಕನ್ನಡ ಸಂಘದ ಅಧ್ಯಕ್ಷರಾಗಿದ್ದ ಡಾಕ್ಟರು ನಗಲಿಲ್ಲ.

“ಇದೇನಮ್ಮಾ ನೀವು ಕಲಿಸೋದು?”

ನಾನು ಏಳುವಷ್ಟರಲ್ಲಿ ಟೀಚರಮ್ಮ ಕಣ್ಣಿನಲ್ಲೇ ಬೇಡವೆಂದಳು. “ನಂದೇ ತಪ್ಪು ಸರ್.”

ಮುಂದಿನ ಭಾನುವಾರ ಕಾರು ಬರಲಿಲ್ಲ. ಆಮೇಲೂ ಬರಲಿಲ್ಲ.

“ಎರಡು ಕಥೇನೂ ಬೇರೆ ಬೇರೆ ವಾರ ಹೇಳಿದ್ದೆಯಲ್ಲ, ಯಾಕೆ ಸುಮ್ಮನಿದ್ದೆ?” ಎಂದು ಗದರಿದೆ.

“ಅಷ್ಟು ಜನರ ಮುಂದೆ ತಪ್ಪನ್ನ ಮಗು ಮೇಲೆ ಹಾಕ್ಲಾ ಅಂಕಲ್? ಆಮೇಲೆ ಅದು ಕನ್ನಡದಲ್ಲಿ ಬಾಯೇ ಬಿಡಲ್ಲ.” ಮತ್ತೆ ತಾನೇ ಸೇರಿಸಿದಳು: “ಪಾಠ ಹೋದ್ರೆ ಹೋಗ್ಲಿ. ಭಾನುವಾರ ಹೋಯ್ತಲ್ಲ.”

ಆ ಹುಡುಗಿ ಈಗ ಎಲಿಕಾಟ್ ಸಿಟಿಯಲ್ಲಿದ್ದಾಳೆ, ಕನ್ನಡ ಮಾತಾಡುತ್ತಾಳೆ. ಅವಳ ತಾಯಿ ಮಗಳ ಆ ವರ್ಷದ ಕನ್ನಡ ನೋಟ್‌ಬುಕ್ಕನ್ನು ಎಸೆದಿಲ್ಲ. ರಾಜನ ಕಥೆ ಒಂದು ಪುಟದಲ್ಲಿದೆ. ಎರಡು ವಾರದ ನಂತರದ ತಾರೀಖು ಹೊತ್ತ ಇನ್ನೊಂದು ಪುಟದಲ್ಲಿ ವೀರನದು. ಅದರ ಮೇಲ್ಭಾಗದಲ್ಲಿ ಟೀಚರಮ್ಮನ ಕೈಬರಹ, ಕೆಂಪು ಶಾಯಿಯಲ್ಲಿ: ‘ಇದು ಬೇರೆ ದೇಶದ ಕಥೆ.’ ಅನುಮಾನವಿರುವವರು ಹೋಗಿ ನೋಡಬಹುದು.